ಅಪ್ಪನ ಜೊತೆ ಕೋಲ್ಕತ್ತಾ ಡರ್ಬಿ: ಎರಡೂವರೆ ದಿನದಲ್ಲಿ ಏನೇನು ನೋಡಬಹುದು?

ದೂರವಾಣಿನಗರದ ಮಗ
ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪನಿಗೆ ಈಗ 66. ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆಯ ಕಾಲೊನಿಯಲ್ಲೇ ಹುಟ್ಟಿ ಬೆಳೆದು, ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಫುಟ್ಬಾಲ್ ಅಂದರೆ ಪ್ರಾಣ. ನಾನು ಚಿಕ್ಕವನಿದ್ದಾಗಿನಿಂದ ಒಂದೇ ಮಾತು ಹೇಳುತ್ತಾ ಬಂದಿದ್ದಾರೆ: "ಸಾಲ್ಟ್ ಲೇಕ್‌ನಲ್ಲಿ ಕೂತು ಒಂದ್ಸಲ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಮ್ಯಾಚ್ ನೋಡ್ಬೇಕು ಕಣೋ." ಕೋಲ್ಕತ್ತಾದ ಈ ಎರಡು ಎದುರಾಳಿ ಕ್ಲಬ್‌ಗಳ ಮ್ಯಾಚನ್ನೇ ಡರ್ಬಿ ಅನ್ನುವುದು, ಸಾಲ್ಟ್ ಲೇಕ್ ಅಲ್ಲಿನ ಸ್ಟೇಡಿಯಂ. ಹೋದ ವರ್ಷ ಅವರಿಗೆ ಎಡ ಮಂಡಿ ನೋವು ಶುರುವಾಯಿತು. ಇನ್ನು ಮುಂದಕ್ಕೆ ಹಾಕಬಾರದು ಅಂತ ನಿರ್ಧಾರ ಮಾಡಿದ್ದೇನೆ.

ಶುಕ್ರವಾರ ಮಧ್ಯಾಹ್ನ ವಿಮಾನ, ಭಾನುವಾರ ರಾತ್ರಿ ವಾಪಸ್. ಮ್ಯಾಚ್ ಶನಿವಾರ ಸಂಜೆ ಏಳೂವರೆಗೆ. ಹೋಗುವವರು ಅಪ್ಪ, ನಾನು, ನನ್ನ ಹನ್ನೊಂದು ವರ್ಷದ ಮಗಳು. ಅವಳು ಶಾಲೆಯ ತಂಡದಲ್ಲಿ ಗೋಲ್‌ಕೀಪರ್. ಅಪ್ಪನಿಗೆ ಮ್ಯಾಚ್, ಮೈದಾನ ಅನ್ನುವ ದೊಡ್ಡ ಬಯಲಿನ ಕ್ಲಬ್‌ಗಳು, ಹೌರಾ ಸೇತುವೆ. ಮಗಳಿಗೆ ನದಿಯ ಕೆಳಗೆ ಹೋಗುವ ಮೆಟ್ರೋ ಮತ್ತು ಟ್ರಾಮ್.

ನನ್ನ ಪ್ರಶ್ನೆಗಳು: ಎಲ್ಲಿ ಉಳಿದುಕೊಳ್ಳುವುದು? ಯಾವ ಸ್ಟ್ಯಾಂಡ್? ಮಂಡಿ ನೋವಿರುವವರು ಆ ಸ್ಟೇಡಿಯಂ ಹತ್ತಬಹುದಾ? ಇನ್ನೊಂದು ವಿಷಯ, ಅಪ್ಪ ಶನಿವಾರ ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲ. ಮ್ಯಾಚ್ ಇರುವುದು ಅವತ್ತೇ.

ಹಲಸೂರು ಕೆರೆ
ಟಿಕೆಟ್ ಸಿಕ್ತಾ? ಅದಿಲ್ಲದೆ ಉಳಿದ ಪ್ಲ್ಯಾನ್ ಯಾಕೆ?

ದೂರವಾಣಿನಗರದ ಮಗ
ಇನ್ನೂ ಬಿಟ್ಟಿಲ್ಲ ಸಾರ್. ಬಿಟ್ಟ ಕೂಡಲೇ ತೆಗೆಯುತ್ತೇನೆ. ವಿಮಾನದ ಟಿಕೆಟ್ ಮಾತ್ರ ಆಗಿದೆ.

ಲೇಕ್ ಮಾರ್ಕೆಟ್ ಕನ್ನಡಿಗ
ನಾನು ಕೋಲ್ಕತ್ತಾಗೆ ಬಂದು ಹದಿನಾಲ್ಕು ವರ್ಷವಾಯಿತು. ಊರು ಅರಸೀಕೆರೆ. ಬೆಂಗಳೂರಿಂದ ಬರುವ ನೆಂಟರಿಗೆಲ್ಲ ಹೇಳುವ ಮಾತನ್ನೇ ನಿಮಗೂ ಹೇಳುತ್ತೇನೆ. ಎಸ್‌ಪ್ಲನೇಡ್ ಅಥವಾ ಪಾರ್ಕ್ ಸ್ಟ್ರೀಟ್ ಹತ್ತಿರ ರೂಮ್ ಮಾಡಿ.

ಕಾರಣ ಮೆಟ್ರೋ. ಎರಡು ಮುಖ್ಯ ಮಾರ್ಗಗಳು ಎಸ್‌ಪ್ಲನೇಡ್‌ನಲ್ಲೇ ಸೇರುತ್ತವೆ. ಮೊದಲು ಸ್ಟೇಡಿಯಂಗೆ ಹೋಗುವ ಮಾರ್ಗ ಸಿಯಾಲ್ದಾದಿಂದ ಈಚೆಗೆ ತುಂಡಾಗಿ ನಿಂತಿತ್ತು. 2025ರ ಆಗಸ್ಟ್ 22ರಿಂದ ಹೌರಾ ಮೈದಾನದಿಂದ ಸೆಕ್ಟರ್ ಫೈವ್‌ವರೆಗೆ ಒಂದೇ ಗಾಡಿ ಓಡುತ್ತಿದೆ. ಎಸ್‌ಪ್ಲನೇಡ್‌ನಲ್ಲಿ ಹತ್ತಿದರೆ ಸಿಯಾಲ್ದಾ, ಫೂಲ್‌ಬಾಗಾನ್, ಆಮೇಲೆ ಸಾಲ್ಟ್ ಲೇಕ್ ಸ್ಟೇಡಿಯಂ. ಮೂರನೇ ಸ್ಟಾಪ್, ಅಷ್ಟೇ. ಇಳಿದರೆ ಎದುರಿಗೇ ಸ್ಟೇಡಿಯಂ.

ಅದೇ ದಿನ ವಿಮಾನ ನಿಲ್ದಾಣಕ್ಕೂ ಮೆಟ್ರೋ ಬಂತು. ಜೈ ಹಿಂದ್ ಬಿಮಾನ್ ಬಂದರ್ ಅಂತ ಸ್ಟೇಷನ್ ಹೆಸರು. ಅಲ್ಲಿ ಹತ್ತಿ ನೋಆಪಾಡಾದಲ್ಲಿ ಬದಲಾಯಿಸಿದರೆ ನೇರ ಎಸ್‌ಪ್ಲನೇಡ್. ಶುಕ್ರವಾರ ಸಂಜೆ ರಸ್ತೆಯಲ್ಲಿ ಕಾರು ಹಿಡಿದು ಬರುವುದಕ್ಕಿಂತ ಇದು ನೂರು ಪಾಲು ವಾಸಿ. ನದಿ ಕೆಳಗಿನ ದಾರಿಯೂ ಎಸ್‌ಪ್ಲನೇಡ್‌ನಿಂದ ಎರಡೇ ಸ್ಟಾಪ್. ನಿಮ್ಮ ಮಗಳ ಆಸೆ ಹತ್ತು ನಿಮಿಷದಲ್ಲಿ ಈಡೇರುತ್ತದೆ.

ಗ್ಯಾಲರಿ ಗೆಳೆಯ
ಇದನ್ನು ನಾನು ಒಪ್ಪುವುದಿಲ್ಲ. ಮಂಡಿ ನೋವಿರುವ ಹಿರಿಯರು, ಜೊತೆಗೆ ಒಂದು ಮಗು. ಮ್ಯಾಚ್ ಮುಗಿಯುವುದೇ ಒಂಬತ್ತೂವರೆಗೆ. ಆಮೇಲೆ ಸಾವಿರಾರು ಜನ ಒಟ್ಟಿಗೆ ಅದೇ ಮೆಟ್ರೋ ಸ್ಟೇಷನ್ ಕಡೆ ನುಗ್ಗುತ್ತಾರೆ. ಸ್ಟೇಡಿಯಂ ಇರುವ ಸಾಲ್ಟ್ ಲೇಕ್ ಬಡಾವಣೆ ಒಳಗೇ, ಕರುಣಾಮಯಿ ಸುತ್ತಮುತ್ತ ರೂಮ್ ಹಿಡಿಯಿರಿ. ಆಟ ಮುಗಿದ ಮೇಲೆ ನಿಧಾನಕ್ಕೆ ಆಟೋದಲ್ಲಿ ಹೋಗಬಹುದು.

ಲೇಕ್ ಮಾರ್ಕೆಟ್ ಕನ್ನಡಿಗ
ಆದರೆ ಉಳಿದ ಎರಡು ದಿನ? ಸಾಲ್ಟ್ ಲೇಕ್‌ನಲ್ಲಿ ಸಂಜೆ ಹೊರಗೆ ಬಂದರೆ ನೋಡುವುದಕ್ಕೆ ಏನಿದೆ? ಮನೆಗಳು, ಆಫೀಸುಗಳು. ಎರಡೂವರೆ ದಿನಕ್ಕೆ ಬಂದವರಿಗೆ ಹಳೇ ಊರಿನ ಮಧ್ಯ ಇರುವುದೇ ಸರಿ. ಒಂದು ರಾತ್ರಿಯ ರಶ್ಶಿಗೋಸ್ಕರ ಎರಡು ದಿನದ ಸುಖ ಬಿಡಬೇಕಾ?

ಗ್ಯಾಲರಿ ಗೆಳೆಯ
ಆ ರಶ್ಶಲ್ಲಿ ನನ್ನ ಭಾವನ ಜೊತೆ ನಾನೇ ನಿಂತಿದ್ದೇನೆ ಸಾರ್. ಮುಕ್ಕಾಲು ಗಂಟೆ ಕಾದ ಮೇಲೆ ಪ್ಲಾಟ್‌ಫಾರ್ಮ್ ಸಿಕ್ಕಿತು. ನಮಗೇನೂ ಆಗಲಿಲ್ಲ. ಆದರೆ ಮುಂದೆ ನಿಂತಿದ್ದ ಒಬ್ಬ ಅಜ್ಜ ಕಾಲು ನೋವಿಗೆ ಮೆಟ್ಟಿಲ ಮೇಲೇ ಕೂತುಬಿಟ್ಟರು.

ದೀದಿ ಫ್ರಂ ದಾವಣಗೆರೆ
ಇಬ್ಬರದ್ದೂ ಸರಿ ಇದೆ, ನಡುವೆ ಒಂದು ದಾರಿ ಇದೆ. ಮ್ಯಾಚ್ ಮುಗಿದ ತಕ್ಷಣ ಏಳಬೇಡಿ. ಅರ್ಧ ಗಂಟೆ ಸೀಟಲ್ಲೇ ಕೂತಿರಿ. ಗೆದ್ದವರ ಕುಣಿತ, ಹಾಡು ಎಲ್ಲ ನೋಡಲು ಸಿಗುತ್ತದೆ. ಗ್ಯಾಲರಿ ಖಾಲಿಯಾದ ಮೇಲೆ ಇಳಿಯಿರಿ. ನಾನು ನನ್ನ ಅಮ್ಮನ ಜೊತೆ ಹೋದಾಗ ಹೀಗೇ ಮಾಡಿದೆ. ಕೊನೇ ಮೆಟ್ರೋ ಎಷ್ಟು ಗಂಟೆಗೆ ಅಂತ ಮಾತ್ರ ಅವತ್ತು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಡರ್ಬಿ ದಿನ ಕೆಲವು ಸಲ ಹೆಚ್ಚಿನ ಗಾಡಿ ಬಿಡುತ್ತಾರೆ, ಆದರೆ ಅದನ್ನೇ ನಂಬಿ ಕೂರಬೇಡಿ.

ನೀಲಿ ಜೆರ್ಸಿ
ಎಲ್ಲರೂ ರೂಮ್ ಬಗ್ಗೆ ಮಾತಾಡ್ತಿದ್ದೀರಿ. ದೊಡ್ಡ ವಿಷಯ ಬೇರೆ ಇದೆ. ಡರ್ಬಿಯ ದಿನಾಂಕ, ಜಾಗ ಎರಡನ್ನೂ ಕೊನೇ ಗಳಿಗೆವರೆಗೆ ನಂಬಬೇಡಿ!

2025ರ ಜನವರಿ 11ರ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಡರ್ಬಿ ನೆನಪಿದೆಯಾ? ಗಂಗಾಸಾಗರ ಮೇಳ ಇತ್ತು. ಪೊಲೀಸರೆಲ್ಲ ಅಲ್ಲಿ ಬೇಕು, ಮ್ಯಾಚ್‌ಗೆ ಬಂದೋಬಸ್ತ್ ಕೊಡಲು ಆಗುವುದಿಲ್ಲ ಅಂತಾಯಿತು. ಇಡೀ ಮ್ಯಾಚ್ ಗುವಾಹಟಿಗೆ ಹೋಯಿತು. ಮೋಹನ್ ಬಗಾನ್ 1-0 ಗೆದ್ದಿತು. ನಾನು ಆಗ ಕೋಲ್ಕತ್ತಾದ ರೂಮಲ್ಲಿ ಕೂತು ಮೊಬೈಲಲ್ಲಿ ನೋಡಿದೆ. ವಿಮಾನ, ರೂಮ್ ಎರಡಕ್ಕೂ ಒಂದು ರೂಪಾಯಿ ವಾಪಸ್ ಬರಲಿಲ್ಲ.

ಅದಕ್ಕೂ ಮೊದಲು 2024ರ ಆಗಸ್ಟ್ 18ರ ಡ್ಯುರಾಂಡ್ ಕಪ್ ಡರ್ಬಿ ರದ್ದೇ ಆಗಿತ್ತು. ಆರ್‌ಜಿ ಕರ್ ಆಸ್ಪತ್ರೆಯ ವೈದ್ಯೆಯ ಕೊಲೆ ವಿರುದ್ಧ ಊರೆಲ್ಲ ಬೀದಿಗೆ ಇಳಿದಿದ್ದ ಸಮಯ. ರೂಮ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನೇ ತೆಗೆದುಕೊಳ್ಳಿ. ಮೊದಲು ಇದು.

ದೀದಿ ಫ್ರಂ ದಾವಣಗೆರೆ
ಆ ಆಗಸ್ಟ್ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಮ್ಯಾಚ್ ರದ್ದಾದರೂ ಅವತ್ತು ಜನ ಸ್ಟೇಡಿಯಂ ಹತ್ತಿರ ಬಂದರು. ಎರಡೂ ಕ್ಲಬ್‌ನವರು, ಜೊತೆಗೆ ಊರಿನ ಇನ್ನೊಂದು ಕ್ಲಬ್ ಮೊಹಮ್ಮಡನ್ ಸ್ಪೋರ್ಟಿಂಗ್‌ನವರು. ಹಸಿರು-ಮರೂನ್ ಜೆರ್ಸಿಯ ಮೋಹನ್ ಬಗಾನ್‌ನವರು ಕೆಂಪು-ಹಳದಿಯ ಈಸ್ಟ್ ಬೆಂಗಾಲ್‌ನವರನ್ನು ಹೆಗಲ ಮೇಲೆ ಹೊತ್ತು ನ್ಯಾಯ ಬೇಕು ಅಂತ ಕೂಗಿದರು. ನೂರು ವರ್ಷ ಎದುರುಬದುರು ನಿಂತವರು! ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ದೂರವಾಣಿನಗರದ ಮಗ
ಗುವಾಹಟಿ ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗಲೇ ರೂಮ್ ಬದಲಾಯಿಸುತ್ತೇನೆ, ಹಿಂದಿನ ದಿನದವರೆಗೂ ರದ್ದು ಮಾಡಬಹುದಾದದ್ದು. ತುಂಬಾ ಥ್ಯಾಂಕ್ಸ್.

ಮರ್ಫಿ ಟೌನ್ ಮೇಷ್ಟ್ರು
ನಿಮ್ಮ ತಂದೆ ಐಟಿಐ ಅಂದ್ರಿ. ಹಾಗಾದರೆ 1977ರ ಕಥೆ ನಿಮಗೆ ಹೇಳಿರಲೇಬೇಕು!

ದೂರವಾಣಿನಗರದ ಮಗ
ವಾರಕ್ಕೊಮ್ಮೆ ಹೇಳುತ್ತಾರೆ ಸಾರ್. ಆಗ ಅವರು ಕಾಲೇಜು ಹುಡುಗ. ಫಲಿತಾಂಶ ರೇಡಿಯೋದಲ್ಲಿ ಬಂದಾಗ ಕಾಲೊನಿಯ ಜನ ಮನೆಯಿಂದ ಹೊರಗೆ ಬಂದು ಬಿಟ್ಟಿದ್ದರಂತೆ.

ಹೊಸಬ ಹಾಸನ
ಏನದು 1977? ನಮಗೂ ಹೇಳಿ.

ಮರ್ಫಿ ಟೌನ್ ಮೇಷ್ಟ್ರು
ಫೆಡರೇಷನ್ ಕಪ್ ಅಂತ ದೇಶದ ಕ್ಲಬ್‌ಗಳಿಗೆ ಒಂದು ಟೂರ್ನಿ ಶುರುವಾಯಿತು. ಮೊದಲ ಸಲ ಆಡಿದ್ದು 1977ರಲ್ಲಿ, ಎರ್ನಾಕುಳಂನಲ್ಲಿ. ಫೈನಲ್‌ನಲ್ಲಿ ಒಂದು ಕಡೆ ಮೋಹನ್ ಬಗಾನ್. ಇನ್ನೊಂದು ಕಡೆ ನಮ್ಮ ಬೆಂಗಳೂರಿನ ಐಟಿಐ, ಅಂದರೆ ಟೆಲಿಫೋನ್ ಮಾಡುವ ಕಾರ್ಖಾನೆಯ ತಂಡ. ಐಟಿಐ 1-0 ಗೆದ್ದಿತು. ಮೊದಲ ಫೆಡರೇಷನ್ ಕಪ್ ಬಂದಿದ್ದು ಕರ್ನಾಟಕಕ್ಕೆ.

ಅದೇ ವರ್ಷ ಸೆಪ್ಟೆಂಬರ್ 24ರಂದು ಪೆಲೆ ಕೋಲ್ಕತ್ತಾಗೆ ಬಂದರು. ನ್ಯೂಯಾರ್ಕ್ ಕಾಸ್ಮೋಸ್ ತಂಡದ ಜೊತೆ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಆಡಿದರು. 2-2 ಸಮ. ಲೆಕ್ಕ ಹಾಕಿ ನೋಡಿ. ಪೆಲೆ ಇದ್ದ ತಂಡ ಸೋಲಿಸಲಾಗದ ಕ್ಲಬ್ಬನ್ನು ಅದೇ ವರ್ಷ ನಮ್ಮ ಫ್ಯಾಕ್ಟರಿ ಹುಡುಗರು ಸೋಲಿಸಿದ್ದರು. ತಂದೆಯವರನ್ನು ಈಡನ್ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಕ್ರಿಕೆಟ್‌ಗಾಗಿ ಅಲ್ಲ, ಇದಕ್ಕಾಗಿ.

ಹಲಸೂರು ಕೆರೆ
ಅಹ್ಮದ್ ಖಾನ್ ಅವರನ್ನು ಮರೀಬೇಡಿ. ಬೆಂಗಳೂರಿನವರು, ಮೋಹನ್ ಬಗಾನ್‌ಗೆ ಆಡಿದ ದೊಡ್ಡ ಆಟಗಾರ.

ಮರ್ಫಿ ಟೌನ್ ಮೇಷ್ಟ್ರು
ಮೋಹನ್ ಬಗಾನ್ ಅಲ್ಲ, ಈಸ್ಟ್ ಬೆಂಗಾಲ್! ಕೋಲ್ಕತ್ತಾದಲ್ಲಿ ಇದನ್ನು ತಪ್ಪು ಹೇಳಿದರೆ ಜಗಳವೇ ಆಗುತ್ತದೆ. ಅಹ್ಮದ್ ಖಾನ್, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ. ಈ ಐವರಿಗೆ ಈಸ್ಟ್ ಬೆಂಗಾಲ್‌ನವರು ಪಂಚಪಾಂಡವರು ಅಂತಲೇ ಹೆಸರಿಟ್ಟಿದ್ದರು. ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದವರು. 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಕೋಲ್ಕತ್ತಾದ ಹಳಬರ ಹತ್ತಿರ "ಬೆಂಗಳೂರಿಂದ ಬಂದೆ" ಅಂದರೆ ಅವರೇ ಈ ಹೆಸರು ಎತ್ತುತ್ತಾರೆ.

ಹಲಸೂರು ಕೆರೆ
ಹೌದು, ತಪ್ಪಾಯ್ತು. ಈಸ್ಟ್ ಬೆಂಗಾಲ್.

ಕುಂದಾಪ್ರದ ಮಾಣಿ
ಅಲ್ಲ ಮಾರಾಯ್ರೆ, ಬಿಎಫ್‌ಸಿ ಅಭಿಮಾನಿಗಳೆಲ್ಲ ಇದ್ದೀರಿ. ಡರ್ಬಿಗೆ ಯಾಕೆ ಹೋಗುವುದು? ನಮ್ಮ ಬೆಂಗಳೂರು ತಂಡ ಅಲ್ಲಿ ಆಡುವ ದಿನ ನೋಡಿ ಹೋಗಬಹುದಲ್ವಾ? ಟಿಕೆಟ್ ಸಿಗುವುದೂ ಸುಲಭ.

ನೀಲಿ ಜೆರ್ಸಿ
ಮಾಣಿ, 2025ರ ಏಪ್ರಿಲ್ 12ರಂದು ನಾನು ಅಲ್ಲೇ ಇದ್ದೆ. ಐಎಸ್‌ಎಲ್ ಫೈನಲ್, ಮೋಹನ್ ಬಗಾನ್ ಎದುರು. ನಾವು ಒಂದು ಗೋಲು ಮುಂದಿದ್ದೆವು. ಆಮೇಲೆ ಅವರಿಗೆ ಪೆನಾಲ್ಟಿ ಸಿಕ್ಕಿತು, ಕಮಿಂಗ್ಸ್ ಹೊಡೆದ. ಹೆಚ್ಚುವರಿ ಸಮಯದಲ್ಲಿ ಮ್ಯಾಕ್ಲಾರೆನ್ ಹೊಡೆದ. 2-1. ಇಡೀ ಸ್ಟೇಡಿಯಂ ಹಸಿರು-ಮರೂನ್. ನಾವು ನೀಲಿ ಬಣ್ಣದವರು ಒಂದು ಮೂಲೆಯಲ್ಲಿ. ಕಿವಿಯಲ್ಲಿ ಅವತ್ತಿನ ಸದ್ದು ಇನ್ನೂ ಇದೆ.

ಹೊರಗೆ ಬಂದಾಗ ಒಬ್ಬರು, ಅರವತ್ತು ದಾಟಿದವರು, ಮೋಹನ್ ಬಗಾನ್ ಶಾಲು ಹೊದ್ದಿದ್ದರು. ನನ್ನನ್ನು ನಿಲ್ಲಿಸಿ ಮಣ್ಣಿನ ಲೋಟದಲ್ಲಿ ಚಹಾ ಕೊಡಿಸಿದರು. "ಕಂಠೀರವದಲ್ಲಿ 2015ರಲ್ಲಿ ನಾನು ನಿಮ್ಮೂರಲ್ಲಿದ್ದೆ, ನಿಮ್ಮವರು ನನಗೆ ಛತ್ರಿ ಹಿಡಿದಿದ್ದರು" ಅಂದರು. ನನಗೆ ಮಾತೇ ಹೊರಡಲಿಲ್ಲ. 2015ರ ಮೇ 31ರ ಮಳೆಯಲ್ಲಿ ನಾನೂ ಕಂಠೀರವದಲ್ಲಿದ್ದೆ. ನಾವು 1-0 ಮುಂದೆ, ಗೆದ್ದರೆ ಐ-ಲೀಗ್ ನಮ್ಮದು. 87ನೇ ನಿಮಿಷದಲ್ಲಿ ಬೆಲ್ಲೋ ರಜಾಕ್ ತಲೆ ಕೊಟ್ಟು ಗೋಲು ಹೊಡೆದ. ಲೀಗ್ ಅವರಿಗೆ ಹೋಯಿತು. ಎರಡು ಸಲವೂ ಅದೇ ಕ್ಲಬ್ ನಮ್ಮ ಕೈಯಿಂದ ಕಿತ್ತುಕೊಂಡಿತು. ಆದರೂ ಆ ಚಹಾ ಮರೆಯಲಾರೆ.

ಕುಂದಾಪ್ರದ ಮಾಣಿ
2023ರ ಗೋವಾ ಫೈನಲ್ ಬಿಟ್ರಿ. ಅದೂ ಅವರ ಎದುರೇ, ಪೆನಾಲ್ಟಿಯಲ್ಲಿ.

ನೀಲಿ ಜೆರ್ಸಿ
ಅದನ್ನು ನೆನಪಿಸಬೇಡ ಮಾರಾಯ.

ಗ್ಯಾಲರಿ ಗೆಳೆಯ
ವಿಷಯಕ್ಕೆ ಬರೋಣ. ಸ್ಟ್ಯಾಂಡ್ ಬಗ್ಗೆ. ಸಾಲ್ಟ್ ಲೇಕ್ ಮೂರು ಅಂತಸ್ತಿನ ದೊಡ್ಡ ಬಟ್ಟಲಿನ ಹಾಗಿದೆ. ಆಟದ ಅಂಗಳದ ಸುತ್ತ ಓಟದ ಟ್ರ್ಯಾಕ್ ಇದೆ. ಹಾಗಾಗಿ ಕೆಳಗಿನ ಸಾಲಲ್ಲಿ ಕೂತರೆ ಆಟ ದೂರವೂ ಕಾಣುತ್ತದೆ, ಚಪ್ಪಟೆಯಾಗಿಯೂ ಕಾಣುತ್ತದೆ. ಮಧ್ಯದ ಅಂತಸ್ತು ಒಳ್ಳೆಯದು. ಮೇಲಿನದು ನಿಮ್ಮ ತಂದೆಗೆ ಬೇಡ, ಮೆಟ್ಟಿಲು ಜಾಸ್ತಿ.

ಬೋರ್ಡು ನೋಡಿ ಟಿಕೆಟ್ ತೆಗೆಯಿರಿ. ಯಾವ ಭಾಗ ಯಾರದ್ದು ಅಂತ ಪ್ರತಿ ಮ್ಯಾಚ್‌ಗೂ ಹೇಳುತ್ತಾರೆ. ಮೋಹನ್ ಬಗಾನ್ ಭಾಗದಲ್ಲಿ ಕೆಂಪು, ಹಳದಿ ಬಟ್ಟೆ ಬೇಡ. ಈಸ್ಟ್ ಬೆಂಗಾಲ್ ಭಾಗದಲ್ಲಿ ಹಸಿರು, ಮರೂನ್ ಬೇಡ. ಬಿಳಿ ಅಂಗಿ ಹಾಕಿಕೊಂಡು ಹೋಗಿ, ಆರಾಮ.

ಹೊಸಬ ಹಾಸನ
ಅಲ್ಲಿ 1 ಲಕ್ಷ 20 ಸಾವಿರ ಜನ ಕೂರಬಹುದಂತೆ, ನಿಜವಾ?

ಗ್ಯಾಲರಿ ಗೆಳೆಯ
ಮೊದಲು ಹೌದು, ಈಗ ಅಲ್ಲ. 2017ರ 17 ವರ್ಷದೊಳಗಿನವರ ವಿಶ್ವಕಪ್‌ಗೆ ಎಲ್ಲ ಕಡೆ ಕುರ್ಚಿ ಹಾಕಿದರು. ಅಲ್ಲೇ ಫೈನಲ್, ಇಂಗ್ಲೆಂಡ್ ಸ್ಪೇನ್ ಮೇಲೆ 5-2. ಕುರ್ಚಿ ಬಂದ ಮೇಲೆ ಜಾಗ ತುಂಬಾ ಕಡಿಮೆಯಾಯಿತು. ಹಳೇ ದಾಖಲೆ 1997ರ ಜುಲೈ 13ರದ್ದು. ಫೆಡರೇಷನ್ ಕಪ್ ಸೆಮಿಫೈನಲ್ ಡರ್ಬಿಗೆ 1,31,781 ಜನ. ಭೈಚುಂಗ್ ಭುಟಿಯಾ ಹ್ಯಾಟ್ರಿಕ್, ಈಸ್ಟ್ ಬೆಂಗಾಲ್ 4-1.

ದೀದಿ ಫ್ರಂ ದಾವಣಗೆರೆ
ಮಗಳ ಬಗ್ಗೆ ಒಂದೆರಡು ಮಾತು, ಗಂಡಸರು ಯಾರೂ ಹೇಳಲ್ಲ ಇದನ್ನ. ಡರ್ಬಿಗೆ ಈಗ ಹೆಣ್ಣುಮಕ್ಕಳು, ಕುಟುಂಬಗಳು ಚೆನ್ನಾಗಿಯೇ ಬರುತ್ತವೆ. ಭಯ ಬೇಡ. ಆದರೆ ಶೌಚಾಲಯಕ್ಕೆ ಮಧ್ಯಂತರದಲ್ಲಿ ಹೋದರೆ ಸಿಕ್ಕಾಪಟ್ಟೆ ಸಾಲು. ಆಟ ಶುರುವಾಗುವ ಮೊದಲು ಅಥವಾ 35ನೇ ನಿಮಿಷಕ್ಕೆ ಕರೆದುಕೊಂಡು ಹೋಗಿ. ಬ್ಯಾಗ್, ನೀರಿನ ಬಾಟಲಿ, ಪವರ್ ಬ್ಯಾಂಕ್ ಒಳಗೆ ಬಿಡುವುದಿಲ್ಲ. ನನ್ನ ಅಮ್ಮನ ಔಷಧಿ ಡಬ್ಬಿಯನ್ನೂ ಗೇಟಲ್ಲಿ ತೆರೆದು ನೋಡಿದರು. ತಂದೆಯವರ ಮಾತ್ರೆಯ ಚೀಟಿ ಜೇಬಲ್ಲಿರಲಿ.

ಮಗಳು ಗೋಲ್‌ಕೀಪರ್ ಅಂದ್ರಲ್ಲ. 2024-25ರ ಮಹಿಳಾ ಲೀಗ್ ಗೆದ್ದಿದ್ದು ಈಸ್ಟ್ ಬೆಂಗಾಲ್ ಹುಡುಗಿಯರು. ಅವಳಿಗೆ ಇದನ್ನು ಹೇಳಿ ಕರೆದುಕೊಂಡು ಹೋಗಿ. ಆಗ ಆ ಬಾವುಟ ನೋಡುವ ಕಣ್ಣೇ ಬೇರೆ ಆಗುತ್ತದೆ.

ದೂರವಾಣಿನಗರದ ಮಗ
ಈಗಷ್ಟೇ ಹೇಳಿದೆ ಮೇಡಂ. "ಹಾಗಾದ್ರೆ ನಾನು ಈಸ್ಟ್ ಬೆಂಗಾಲ್" ಅಂತ ಅವಳು ನಿರ್ಧಾರ ಮಾಡಿಬಿಟ್ಟಳು. ಅಹ್ಮದ್ ಖಾನ್ ಕಾರಣಕ್ಕೆ ಅಪ್ಪನೂ ಅದೇ ಕಡೆ.

ಬೆಣ್ಣೆ ಖಾಲಿ
ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ! ಅಲ್ಲಿ ಮೀನಿಗೂ ಕ್ಲಬ್ ಇದೆ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್, ಮೋಹನ್ ಬಗಾನ್ ಗೆದ್ದರೆ ಚಿಂಗ್ಡಿ, ಅಂದರೆ ಸಿಗಡಿ. ಪೂರ್ವ ಬಂಗಾಳದಿಂದ ಬಂದ ಬಾಂಗಾಲ್ ಮನೆಗಳು ಈಸ್ಟ್ ಬೆಂಗಾಲ್ ಕಡೆ, ಈ ಕಡೆಯ ಘೋಟಿ ಮನೆಗಳು ಮೋಹನ್ ಬಗಾನ್ ಕಡೆ. ಅದೇ ರೂಢಿ ಊಟಕ್ಕೂ ಬಂತು. ಮೀನು ತಿನ್ನುವವರು ಭಾನುವಾರ ಮಧ್ಯಾಹ್ನ ಗೆದ್ದವರ ಮೀನು ತಿನ್ನಿ.

ಲೇಕ್ ಮಾರ್ಕೆಟ್ ಕನ್ನಡಿಗ
ಶನಿವಾರಕ್ಕೆ ಒಂದು ಪದ ಕಲಿತುಕೊಳ್ಳಿ: "ನಿರಾಮಿಷ್". ಬಂಗಾಳದಲ್ಲಿ ಈ ಅಡುಗೆ ಬಹಳ ಚೆನ್ನಾಗಿದೆ, ಹೊರಗಿನವರಿಗೆ ಗೊತ್ತಿಲ್ಲ ಅಷ್ಟೇ. ವಿಧವೆಯರು ಮೀನು, ಈರುಳ್ಳಿ, ಬೆಳ್ಳುಳ್ಳಿ ಬಿಡಬೇಕು ಅನ್ನೋ ಕ್ರೂರ ಕಟ್ಟುಪಾಡು ಇತ್ತು. ಆ ಹೆಂಗಸರೇ ಕಟ್ಟಿ ಬೆಳೆಸಿದ ಅಡುಗೆ ಇದು. ಬೆಳಿಗ್ಗೆ ಕಚೂರಿ ಮತ್ತು ಆಲೂಗಡ್ಡೆ ಪಲ್ಯ. ಮಧ್ಯಾಹ್ನ ಅನ್ನ, ಸ್ವಲ್ಪ ಕಹಿ ಇರುವ ತರಕಾರಿ ಶುಕ್ತೋ, ಬಾಳೆ ಹೂವಿನ ಮೋಚಾರ್ ಘಂಟೋ, ಕಡಲೆಬೇಳೆ ಬಿಲ್ಲೆ ಕರಿದು ಮಾಡುವ ಧೋಕಾರ್ ದಾಲ್ನಾ. ಒಂದು ಎಚ್ಚರಿಕೆ: ಸೊಪ್ಪಿನ ಪಲ್ಯ, ಬೇಳೆ ಅಂತ ಸುಮ್ನೆ ಹಾಕಿಸಿಕೊಳ್ಳಬೇಡಿ. ಕೆಲವು ಕಡೆ ಅದರಲ್ಲೂ ಮೀನಿನ ತಲೆ ಇರುತ್ತದೆ. ಕೇಳಿಯೇ ತಿನ್ನಿ.

ಏನೂ ಒಗ್ಗದಿದ್ದರೆ ನಮ್ಮ ಲೇಕ್ ಮಾರ್ಕೆಟ್ ಕಡೆ ಬನ್ನಿ. ದಕ್ಷಿಣದವರು ಹಳೇ ಕಾಲದಿಂದ ಇರುವ ಜಾಗ. ಇಡ್ಲಿ, ದೋಸೆ, ಫಿಲ್ಟರ್ ಕಾಫಿ ಎಲ್ಲ ಸಿಗುತ್ತದೆ. ಕಾಲಿಘಾಟ್ ಮೆಟ್ರೋದಲ್ಲಿ ಇಳಿದರೆ ಹತ್ತಿರ.

ಬೆಣ್ಣೆ ಖಾಲಿ
ಕೋಲ್ಕತ್ತಾಗೆ ಹೋಗಿ ದೋಸೆ ತಿನ್ನಬೇಕಾ ಸಾರ್? ಎರಡು ದಿನ ತಾನೇ!

ಲೇಕ್ ಮಾರ್ಕೆಟ್ ಕನ್ನಡಿಗ
ನಿಮ್ಮ ವಯಸ್ಸಿಗೆ ಬೇಡ. 66ರಲ್ಲಿ ಎರಡನೇ ದಿನ ಹೊಟ್ಟೆ ಮಾತಾಡುತ್ತದೆ. ನಮ್ಮ ತಂದೆ ಬಂದಾಗ ಮೂರನೇ ಹೊತ್ತಿಗೆ ಮೊಸರನ್ನ ಕೇಳಿದರು.

ಬೆಣ್ಣೆ ಖಾಲಿ
ಮೊಸರು ಅಂದರೆ ಮಿಷ್ಟಿ ದೋಯಿ! ಮಣ್ಣಿನ ಕುಡಿಕೆಯಲ್ಲಿ. ಚಳಿಗಾಲ ಆದರೆ ನೋಲೆನ್ ಗುಡ್, ಅಂದರೆ ಖರ್ಜೂರದ ಮರದ ಹೊಸ ಬೆಲ್ಲ, ಅದರ ಸಂದೇಶ್ ಸಿಹಿ ಬಿಡಬೇಡಿ. ಮಗಳಿಗೆ ಪುಚ್ಕಾ ಕೊಡಿಸಿ. ನಮ್ಮ ಪಾನಿಪುರಿಯ ಹಾಗೆ ಬಟಾಣಿ ಇರಲ್ಲ, ಹಿಸುಕಿದ ಆಲೂಗಡ್ಡೆ, ಹುಣಸೆ ನೀರು.

ಹುಬ್ಬಳ್ಳಿ ಎಕ್ಸ್‌ಪ್ರೆಸ್
ನೋಡ್ರಿ, ಫುಟ್ಬಾಲ್ ಸರಿ. ಆದ್ರ ದಕ್ಷಿಣೇಶ್ವರ, ಬೇಲೂರು ಮಠ ನೋಡದ ಹೆಂಗ ಬರ್ತೀರಿ? ರಾಣಿ ರಾಸಮಣಿ 1855ರಾಗ ಕಟ್ಟಿಸಿದ ಗುಡಿ. ಪರಮಹಂಸರು ಇದ್ದ ಜಾಗ. ಮೆಟ್ರೋ ಅಲ್ಲೀತನಕ ಐತಿ. ಗುಡಿ ನೋಡಿ ದೋಣಿ ಹತ್ತಿದ್ರ ನದಿ ಆಚೆ ಬೇಲೂರು ಮಠ. ಅರ್ಧ ದಿನದ ಕೆಲಸ.

ಮರ್ಫಿ ಟೌನ್ ಮೇಷ್ಟ್ರು
ಒಳ್ಳೆ ಸಲಹೆ. ಆದರೆ ಭಾನುವಾರ ದಕ್ಷಿಣೇಶ್ವರದ ಸಾಲು ಬಹಳ ಉದ್ದ. ಮಂಡಿ ನೋವಿಗೆ ಕಷ್ಟ. ಹೋಗುವುದಾದರೆ ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಹನ್ನೊಂದಕ್ಕೆ ರೂಮಿಗೆ ಬರಬೇಕು. ಮಧ್ಯಾಹ್ನ ತಂದೆಯವರು ಮಲಗಲೇಬೇಕು. ಮ್ಯಾಚ್ ದಿನ ವಿಶ್ರಾಂತಿ ಇಲ್ಲದೆ ಹೋದರೆ ಎರಡನೇ ಅರ್ಧದಲ್ಲಿ ಕಣ್ಣು ಎಳೆಯುತ್ತದೆ. ಇಷ್ಟು ವರ್ಷ ಕಾದ ಮ್ಯಾಚ್ ಅದು.

ಹುಬ್ಬಳ್ಳಿ ಎಕ್ಸ್‌ಪ್ರೆಸ್
ಅದೂ ಖರೆ. ಶನಿವಾರ ಮುಂಜಾನೆ ಇಟ್ಕೋರಿ. ಹಿರಿಯರ ವಾರ ಹೆಂಗೂ ಅದ.

ಲೇಕ್ ಮಾರ್ಕೆಟ್ ಕನ್ನಡಿಗ
ಭಾನುವಾರ ಬೆಳಿಗ್ಗೆ ಬೇಗ ಏಳಿ. ಇಲ್ಲಿ ಸೂರ್ಯ ಬೆಂಗಳೂರಿಗಿಂತ ಮೊದಲೇ ಬರುತ್ತಾನೆ, ಮೊದಲೇ ಹೋಗುತ್ತಾನೆ. ಡಿಸೆಂಬರಲ್ಲಿ ಸಂಜೆ ಐದಕ್ಕೆ ಕತ್ತಲು. ಮೆಟ್ರೋ ಭಾನುವಾರ ತಡವಾಗಿ ಶುರು, ಆದ್ದರಿಂದ ಕಾರಲ್ಲಿ ಮಲ್ಲಿಕ್ ಘಾಟ್ ಹೂವಿನ ಮಾರ್ಕೆಟ್‌ಗೆ ಹೋಗಿ. ತಲೆ ಮೇಲೆ 1943ರ ಹೌರಾ ಸೇತುವೆ, ಕಾಲ ಕೆಳಗೆ ಚೆಂಡು ಹೂವಿನ ರಾಶಿ. ನಮ್ಮ ಕೆ.ಆರ್. ಮಾರ್ಕೆಟ್ ನೋಡಿದವರಿಗೂ ಅದು ಬೇರೆಯೇ ಲೋಕ. ನೆಲ ಒದ್ದೆ ಇರುತ್ತದೆ, ತಂದೆಯವರ ಕೈ ಹಿಡಿದುಕೊಳ್ಳಿ.

ಅಲ್ಲಿಂದ ಸೇತುವೆ ದಾಟಿ ಹೌರಾ ಕಡೆ ಹೋಗಿ. ವಾಪಸ್ ಬರುವಾಗ ಮೆಟ್ರೋ. ಹೌರಾ ಸ್ಟೇಷನ್ ನೆಲದಿಂದ ಸುಮಾರು 30 ಮೀಟರ್ ಆಳ. ನದಿಯ ಕೆಳಗಿನ 520 ಮೀಟರ್ ದಾಟಲು 45 ಸೆಕೆಂಡು ಸಾಕು. ಕಿಟಕಿ ಆಚೆ ನೀಲಿ ದೀಪ ಬಂದ ಕೂಡಲೇ ನದಿ ಶುರು ಅಂತ ಮಗಳಿಗೆ ಹೇಳಿ. ಅವಳು ಎಣಿಸಲಿ.

ಹೊಸಬ ಹಾಸನ
ಟ್ರಾಮ್?

ಲೇಕ್ ಮಾರ್ಕೆಟ್ ಕನ್ನಡಿಗ
ಆ ವಿಷಯಕ್ಕೆ ನನಗೆ ಬೇಜಾರಿದೆ. 1873ರಲ್ಲಿ ಕುದುರೆ ಎಳೆಯುವ ಟ್ರಾಮ್ ಶುರುವಾದ ಊರು ಇದು. ನಾನು ಬಂದಾಗ ಎಷ್ಟೊಂದು ಮಾರ್ಗಗಳಿದ್ದವು. ಒಂದೊಂದಾಗಿ ನಿಲ್ಲಿಸುತ್ತಾ ಬಂದರು. ಈಗ ಉಳಿದದ್ದು ಬೆರಳೆಣಿಕೆ. ಎಸ್‌ಪ್ಲನೇಡ್ ಡಿಪೋದಲ್ಲಿ ಅವತ್ತು ಯಾವುದು ಓಡುತ್ತದೆ ಅಂತ ಕೇಳಿ, ಸಿಕ್ಕಿದ್ದನ್ನು ಹತ್ತಿಬಿಡಿ. ಎಲ್ಲಿಗೆ ಹೋದರೂ ಪರವಾಗಿಲ್ಲ.

ಮರ್ಫಿ ಟೌನ್ ಮೇಷ್ಟ್ರು
ಭಾನುವಾರ ಹತ್ತು ಗಂಟೆ ಮೇಲೆ ಬೇರೆ ಏನೂ ಇಟ್ಟುಕೊಳ್ಳಬೇಡಿ. ಮೈದಾನ ಮಾತ್ರ. ವಿಕ್ಟೋರಿಯಾ ಮೆಮೋರಿಯಲ್ ದೂರದಿಂದ ಕಂಡರೆ ಸಾಕು. ಇದಕ್ಕೆ ಬೈಯುವವರು ಬೈಯಲಿ.

ಮೈದಾನ ಸೈನ್ಯದ ಜಾಗ. ಅಲ್ಲಿ ದೊಡ್ಡ ಕಟ್ಟಡ ಕಟ್ಟುವಂತಿಲ್ಲ. ಅದಕ್ಕೇ ಕ್ಲಬ್‌ಗಳನ್ನು ಇವತ್ತಿಗೂ ಟೆಂಟ್ ಅಂತ ಕರೆಯುತ್ತಾರೆ. 1889ರ ಮೋಹನ್ ಬಗಾನ್, 1891ರ ಮೊಹಮ್ಮಡನ್ ಸ್ಪೋರ್ಟಿಂಗ್, 1920ರ ಈಸ್ಟ್ ಬೆಂಗಾಲ್. ಮೂರೂ ನಡೆದು ಹೋಗುವಷ್ಟು ಹತ್ತಿರ, ಪಕ್ಕದಲ್ಲೇ ಈಡನ್. ಒಂದೇ ಬಯಲಲ್ಲಿ ಈ ದೇಶದ ಫುಟ್ಬಾಲ್ ಇತಿಹಾಸ ಅರ್ಧ ಇದೆ. 1911ರ ಜುಲೈ 29ರಂದು ಮೋಹನ್ ಬಗಾನ್ ಹುಡುಗರು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಲ್ಲಿ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿದ್ದು ಇದೇ ಬಯಲಲ್ಲಿ. ಹೆಚ್ಚಿನವರು ಬರಿಗಾಲು. ಬ್ರಿಟಿಷ್ ಸೈನ್ಯದ ತಂಡ ಬೂಟು ಹಾಕಿಕೊಂಡು ಆಡಿ ಸೋತಿತು. ಅವತ್ತು ಇಡೀ ದೇಶಕ್ಕೆ ಧೈರ್ಯ ಬಂದಿತ್ತು.

ಈಡನ್ ಮುಂದೆ ನಿಂತಾಗ ಇನ್ನೊಂದು ನೆನಪಿರಲಿ. 1980ರ ಆಗಸ್ಟ್ 16. ಅಲ್ಲಿ ನಡೆದ ಡರ್ಬಿಯ ಗಲಾಟೆ, ನೂಕುನುಗ್ಗಲಲ್ಲಿ 16 ಅಭಿಮಾನಿಗಳು ಸತ್ತರು. ಆಟ ನೋಡಲು ಮನೆಯಿಂದ ಹೊರಟ ಹುಡುಗರು ಅವರು. ಅದಕ್ಕೇ ನೀವು ಸ್ಟೇಡಿಯಂನಲ್ಲಿ ಅರ್ಧ ಗಂಟೆ ಕೂತು ಇಳಿಯಿರಿ ಅಂತ ದಾವಣಗೆರೆಯವರು ಹೇಳಿದ್ದನ್ನು ದಯವಿಟ್ಟು ಪಾಲಿಸಿ.

ಗ್ಯಾಲರಿ ಗೆಳೆಯ
ಭಾನುವಾರ ಟೆಂಟ್ ಒಳಗೆ ಬಿಡುತ್ತಾರಾ?

ಮರ್ಫಿ ಟೌನ್ ಮೇಷ್ಟ್ರು
ನಾನು ಹೋದಾಗ ಗೇಟಲ್ಲಿ ಬೆಂಗಳೂರಿಂದ ಬಂದೆವು ಅಂತ ಹೇಳಿ ಕೇಳಿದೆ, ಒಳಗೆ ಕರೆದರು. ಎಲ್ಲ ದಿನ ಹಾಗಾಗುತ್ತದೆ ಅಂತ ಹೇಳಲಾರೆ. ಬಿಡದಿದ್ದರೂ ಬೇಲಿ ಹೊರಗೆ ಹುಡುಗರು ಆಡುತ್ತಿರುತ್ತಾರೆ. ನಿಮ್ಮ ಮಗಳ ಹತ್ತಿರ ಗ್ಲೌಸ್ ಇದ್ದರೆ ತೆಗೆದುಕೊಂಡು ಹೋಗಿ. ಗೋಲ್‌ಕೀಪರ್ ಸಿಕ್ಕಿದರೆ ಯಾರೂ ಬೇಡ ಅನ್ನಲ್ಲ.

ದೂರವಾಣಿನಗರದ ಮಗ
ಎಲ್ಲರಿಗೂ ವಂದನೆ. ಒಂದು ಸಂತೋಷದ ಸುದ್ದಿ, ಇವತ್ತು ಬೆಳಿಗ್ಗೆ ಮೂರು ಟಿಕೆಟ್ ಸಿಕ್ಕಿತು. ಈಸ್ಟ್ ಬೆಂಗಾಲ್ ಭಾಗ, ಮಧ್ಯದ ಅಂತಸ್ತು.

ರೂಮ್ ಎಸ್‌ಪ್ಲನೇಡ್ ಹತ್ತಿರವೇ ಮಾಡಿದೆ. ಆದರೆ ಗ್ಯಾಲರಿ ಗೆಳೆಯರ ಮಾತು ತಲೆಯಲ್ಲಿ ಕೂತಿದೆ. ಮ್ಯಾಚ್ ಮುಗಿದ ಮೇಲೆ ಅಪ್ಪನ ಕಾಲು ನೋಡಿ ಮೆಟ್ರೋ ಅಥವಾ ಕಾರು ಅಂತ ಅಲ್ಲೇ ತೀರ್ಮಾನ. ಶನಿವಾರ ಬೆಳಿಗ್ಗೆ ದಕ್ಷಿಣೇಶ್ವರ, ಮಧ್ಯಾಹ್ನ ನಿದ್ದೆ. ಭಾನುವಾರ ಹೂವು, ಸೇತುವೆ, ನದಿ ಕೆಳಗಿನ ಮೆಟ್ರೋ, ಮೈದಾನ. ಮ್ಯೂಸಿಯಂ ಎಲ್ಲ ಬಿಟ್ಟೆ.

ಈ ಚರ್ಚೆ ಪೂರ್ತಿ ಅಪ್ಪನಿಗೆ ಓದಿ ಹೇಳಿದೆ. 1977ರ ಭಾಗ ಬಂದಾಗ ಎರಡನೇ ಸಲ ಓದು ಅಂದರು. ಆಮೇಲೆ ಬೀರು ತೆಗೆದು ಕಾರ್ಖಾನೆಯ ಹಳೇ ಟೋಪಿ ಹುಡುಕಿದರು. ಈಡನ್ ಮುಂದಿನ ಫೋಟೋಗೆ ಅದನ್ನೇ ಹಾಕಿಕೊಳ್ಳುತ್ತಾರಂತೆ.

ಮರ್ಫಿ ಟೌನ್ ಮೇಷ್ಟ್ರು
ಆ ಫೋಟೋ ಇಲ್ಲಿ ಹಾಕಲೇಬೇಕು.

ನೀಲಿ ಜೆರ್ಸಿ
ಟೋಪಿಯ ಬಣ್ಣ ಯಾವುದು? ಹಸಿರಾದರೆ ಶನಿವಾರ ಸ್ಟೇಡಿಯಂಗೆ ಬೇಡ!

ದೂರವಾಣಿನಗರದ ಮಗ
ಕಡು ನೀಲಿ ಸಾರ್. ತೊಂದರೆ ಇಲ್ಲ.

ದೀದಿ ಫ್ರಂ ದಾವಣಗೆರೆ
ಒಳಗೆ ಹೋದ ತಕ್ಷಣ ನಿಮ್ಮ ಗೇಟ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಮಗಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಗ್ಲೌಸ್ ಮರೀಬೇಡಿ.